ಬೆಚ್ಚುವ ಮನೆ

ಕಸ್ತೂರಿಯ ಮನೆ ನಮ್ಮ ಓಣಿಗೆ ಬಂದಾಗ ನಾನು ಊಟಕ್ಕೆ ಕೂತಿದ್ದೆ. ರೊಟ್ಟಿ ಮುರಿದು ಇನ್ನೂ ಬಾಯಿಗಿಟ್ಟಿರಲಿಲ್ಲ, ತಟ್ಟೆಯಲ್ಲಿದ್ದ ಸಾರು ತಾನಾಗಿಯೇ ಅಲುಗಾಡಿತು. ಹೊರಗೆ ಬಂದು ನೋಡಿದರೆ, ನನ್ನ ಬ್ಯಾಂಡಿನವರು ತಾಲೀಮು ಮಾಡುವ ಖಾಲಿ ಜಾಗದಲ್ಲಿ ಹಸಿರು ಬಾಗಿಲಿನ ಎರಡಂಕಣದ ಮನೆಯೊಂದು ಉಸ್ಸೆಂದು ಕೂರುತ್ತಿತ್ತು. ಕೂರುವ ಭರದಲ್ಲಿ ಸ್ವಲ್ಪ ಎಡಕ್ಕೆ ವಾಲಿ, ಅಲ್ಲೇ ಬಿಸಿಲಿಗೆ ಇಟ್ಟಿದ್ದ ನಮ್ಮ ದೊಡ್ಡ ಡ್ರಮ್ಮನ್ನು ಅಡಿಗೆ ಹಾಕಿಕೊಂಡಿತು. ಆ ಡ್ರಮ್ಮು ಕೊನೆಯ ಸಲ ಕೊಟ್ಟ ಸದ್ದು ಬಹಳ ಚೆನ್ನಾಗಿತ್ತು. ನಮ್ಮ ಡ್ರಮ್ಮಿನವನು ಜೀವಮಾನದಲ್ಲಿ ಅಂಥ ಪೆಟ್ಟು ಹೊಡೆದವನಲ್ಲ.

ನಾನು ಯಮನಪ್ಪ ಭಜಂತ್ರಿ, ದುರ್ಗಾದೇವಿ ಬ್ರಾಸ್ ಬ್ಯಾಂಡಿನ ಮಾಸ್ತರ. ಕ್ಲಾರಿನೆಟ್ ಊದುತ್ತೇನೆ. ಮದುವೆ, ಮುಂಜಿವೆ, ಗಣಪತಿ ಬಿಡುವುದು, ಚುನಾವಣೆ ಗೆದ್ದವರ ಮೆರವಣಿಗೆ, ಯಾವುದಕ್ಕೂ ಇಲ್ಲ ಎಂದವನಲ್ಲ. ಸದ್ದೇ ನನ್ನ ಅನ್ನ. ಊರಿನಲ್ಲಿ ಅಷ್ಟೊಂದು ಓಣಿಗಳಿರುವಾಗ, ಓಣಿಯಲ್ಲಿ ಅಷ್ಟೊಂದು ಜಾಗವಿರುವಾಗ, ಹೆದರಿದ ಮನೆಯೊಂದು ಹುಡುಕಿಕೊಂಡು ಬಂದು ಬ್ಯಾಂಡಿನವನ ಮಗ್ಗುಲಿಗೇ ಕೂರಬೇಕೆ? ದೇವರು ನನ್ನ ಜೊತೆ ಮೊದಲಿನಿಂದಲೂ ಹೀಗೇ ಚೇಷ್ಟೆ ಮಾಡುತ್ತಾನೆ.

ನಮ್ಮ ಊರಲ್ಲಿ ಮನೆ ಏಳುವುದು ಹೊಸ ಸಂಗತಿಯಲ್ಲ. ಒಳಗೆ ಹೊಡೆತ ಬಡಿತ ಮಿತಿ ಮೀರಿದರೆ ಮನೆ ಎದ್ದು ನಡೆಯುತ್ತದೆ, ಹೊಡೆಸಿಕೊಂಡವರನ್ನು ಕರೆದುಕೊಂಡು. ಹೊಡೆದವನು ಬರಿಯ ಪಾಯದ ಮೇಲೆ ಉಳಿಯುತ್ತಾನೆ. ಆದರೆ ಮನೆಗಳಿಗೆ ಸಹನೆ ವಿಪರೀತ, ಅದೇ ಅವುಗಳ ದೊಡ್ಡ ದೋಷ. ಒಂದು ಮನೆ ಏಳಬೇಕಾದರೆ ಅದರೊಳಗೆ ಎಷ್ಟು ವರ್ಷ ಏನೇನು ನಡೆದಿರಬೇಕು ಎಂದು ಯೋಚಿಸಿದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ, ಹಾಗಾಗಿ ನಾವು ಯೋಚಿಸುವುದಿಲ್ಲ. ಎದ್ದು ಬಂದ ಮನೆಯವರನ್ನು ಏನೂ ಕೇಳಬಾರದೆಂದು ರೂಢಿ. ಓಣಿಯ ಹಿರಿಯ ಹೆಂಗಸು ಒಂದು ಕೊಡ ನೀರನ್ನು ಹೊಸ್ತಿಲ ಮುಂದಿಟ್ಟು ಒಂದೇ ಒಂದು ಮಾತು ಕೇಳುತ್ತಾಳೆ, ಅಷ್ಟೇ. ಇನ್ನೊಂದು ರೂಢಿಯೂ ಉಂಟು. ಮನೆಗಳು ಬರುವಾಗ ದೇವರ ಜಗಲಿ, ಅಡಿಗೆಮನೆ, ಬಚ್ಚಲು ಎಲ್ಲವನ್ನೂ ಹೊತ್ತು ತರುತ್ತವೆ, ಸಂಡಾಸ ಒಂದನ್ನು ಮಾತ್ರ ತರುವುದಿಲ್ಲ. ಅದು ನೆಲದಲ್ಲಿ ಹೂತದ್ದು ನೋಡಿ. ಹೊಸದು ಕಟ್ಟಿಸುವ ತನಕ ಪಕ್ಕದ ಮನೆಯವರು ತಮ್ಮದನ್ನು ಬಿಟ್ಟುಕೊಡಬೇಕು. ಪಕ್ಕದ ಮನೆಯವನು ಯಾರೆಂದು ಮೇಲೆ ಹೇಳಿದ್ದೇನೆ.

ನನ್ನ ಹೆಂಡತಿ ಹುಲಿಗೆವ್ವ ಕೊಡ ಹೊತ್ತು ಹೋಗಿ ಇಟ್ಟಳು. ಹಸಿರು ಬಾಗಿಲು ಬೆರಳಗಲ ತೆರೆಯಿತು.

"ಊಟಕ್ಕ ಎಷ್ಟ ಮಂದಿ?" ಎಂದು ಕೇಳಿದಳು. ಕೇಳಬಹುದಾದ ಒಂದೇ ಮಾತು ಅದು.

"ಮೂರು ಮಂದಿ ರೀ," ಎಂದು ಒಳಗಿನಿಂದ ಇಲ್ಲವೋ ಉಂಟೋ ಎನ್ನುವಂಥ ಸಣ್ಣ ದನಿ ಬಂತು.

ಅದರ ಬೆನ್ನಿಗೇ ಇನ್ನೊಂದು ದನಿ, ಮುದುಕಿಯದು. "ಇಬ್ಬರು ಅಂತ ಹೇಳ. ನಾ ಇಲ್ಲಿ ಇರಾಕಿ ಅಲ್ಲ. ನಾಳೆ ಮುಂಜಾನೆ ಎದ್ದು ನನ್ನ ಮಗನ ಕಡೆ ಹೋಗಾಕಿ."

ಹೀಗೆ ನಮಗೆ ಕಸ್ತೂರಿಯ ಪರಿಚಯವಾಯಿತು, ಅವಳ ಹತ್ತು ವರ್ಷದ ಮಗಳು ಪೂರ್ಣಿಮಾಳದೂ ಆಯಿತು, ಮತ್ತು ಬೇಡವೆಂದರೂ ಅವಳ ಅತ್ತೆ ಗುರುಬಸವ್ವನದೂ ಆಯಿತು. ಮನೆ ಎದ್ದಾಗ ಗುರುಬಸವ್ವ ದೇವರ ಮುಂದೆ ಕಣ್ಣು ಮುಚ್ಚಿ ಕೂತಿದ್ದಳಂತೆ. ಕಣ್ಣು ತೆರೆದಾಗ ಕಿಟಕಿಯಲ್ಲಿ ಊರು ಹಿಂದಕ್ಕೆ ಹೋಗುತ್ತಿತ್ತು. ಹೊಡೆದವನ ತಾಯಿಯನ್ನು ಮನೆ ಯಾಕೆ ಹೊತ್ತು ತಂದಿತು ಎಂದು ಓಣಿಯಲ್ಲಿ ಬಹಳ ಚರ್ಚೆಯಾಯಿತು. ನಮ್ಮ ಕೈಯ ಊಟ ಅವಳಿಗೆ ಆಗುವುದಿಲ್ಲ ಎನ್ನುವುದನ್ನು ಬಾಯಿ ಬಿಟ್ಟು ಹೇಳಲಾಗದೆ, ತನಗೆ ಉಪವಾಸ ಎಂದಳು. ಆ ಉಪವಾಸ ಹುಲಿಗೆವ್ವನ ಪುಂಡಿಪಲ್ಯದ ವಾಸನೆ ಮೂಗಿಗೆ ಬಡಿಯುವ ತನಕ ನಡೆಯಿತು. ಉಂಡು ಕೈ ತೊಳೆದು, "ನಾಳೆ ಹೋಗಾಕಿ, ಇವತ್ತ ಒಂದ ದಿನ ಅಂತ ಉಂಡೆ," ಎಂದಳು. ಆಮೇಲೆ ದಿನಾ ಉಂಡಳು, ದಿನಾ ಹಾಗೇ ಅಂದಳು.

ಅವಳ ಮಗ ಮಹಾಂತೇಶನನ್ನು ಊರಿನಲ್ಲಿ ಅರಿಯದವರಿಲ್ಲ. ಸಿಮೆಂಟು, ಪೈಪು, ಮೊಳೆ ಮಾರುವ ಅಂಗಡಿಯವನು. ನಗುಮುಖ, ಬಿಳಿ ಅಂಗಿ, ಎದುರು ಸಿಕ್ಕವರ ಹೆಗಲ ಮೇಲೆ ಕೈ. ಮನೆ ಎದ್ದು ಹೋದ ಮೇಲೆ ಬೇರೆ ಗಂಡಸರು ತಲೆ ತಗ್ಗಿಸಿ ಓಡಾಡುತ್ತಾರೆ. ಇವನು ಹಾಗಲ್ಲ, ಬರಿಯ ಪಾಯದ ಮೇಲೆ ಕುರ್ಚಿ ಹಾಕಿ, ಮೇಲೊಂದು ದೊಡ್ಡ ಛತ್ರಿ ನೆಟ್ಟು, ಬಂದವರಿಗೆಲ್ಲ ಚಹಾ ತರಿಸಿ ಕೊಟ್ಟ. "ಮನಿ ಗಾಳಿ ತಿನ್ನಾಕ ಹೋಗೈತ್ರಿ. ಹೊಟ್ಟಿ ಹಸದ ಮ್ಯಾಲ ತಾನ ಬರ್ತೈತಿ," ಎಂದು ಹೇಳಿ ನಗಿಸಿದ. ಚಹಾ ಕುಡಿದವರು, ಇಂಥ ಮನುಷ್ಯನನ್ನು ಬಿಟ್ಟು ಹೋಗುವ ಮನೆಯದ್ದೇ ಏನೋ ತಪ್ಪಿರಬೇಕು ಎಂದು ಮಾತಾಡಿಕೊಳ್ಳುತ್ತ ಮನೆಗೆ ಹೋದರು.

ಬಂದ ಹೊಸತರಲ್ಲಿ ಮನೆ ಅಲುಗಾಡದೆ ಕೂತಿತ್ತು. ಆಮೇಲೊಂದು ಮುಂಜಾನೆ ನಮ್ಮ ಅಡಿಗೆಮನೆಯಲ್ಲಿ ಕುಕ್ಕರು ಸೀಟಿ ಹಾಕಿತು. ಅಷ್ಟೇ. ಪಕ್ಕದಲ್ಲಿ ಗೋಡೆಗಳು ಲಟಲಟ ಎಂದವು, ಎಮ್ಮೆ ಏಳುವ ಹಾಗೆ ಹಿಂಭಾಗವನ್ನು ಮೊದಲು ಎತ್ತಿ ಮನೆ ಎದ್ದು ನಿಂತಿತು, ನಾಲ್ಕು ಹೆಜ್ಜೆ ನಡೆದು ನಮ್ಮ ಬಾಗಿಲಿಗೆ ಅಡ್ಡವಾಗಿ ಕೂತುಬಿಟ್ಟಿತು. ನಮಗೆ ಬೇರೆ ಬಾಗಿಲಿಲ್ಲ. ಅಂದು ನಾನು ಸರಳಿಲ್ಲದ ಸಣ್ಣ ಕಿಟಕಿಯಿಂದ ಹೊರಗೆ ಬಂದೆ. ನನ್ನ ಹೊಟ್ಟೆಯ ಸುತ್ತಳತೆ ಬಲ್ಲವರು ಆ ದೃಶ್ಯವನ್ನು ಇನ್ನೂ ಹೇಳಿಕೊಂಡು ನಗುತ್ತಾರೆ.

ಆದರೆ ಮನೆ ನಡೆದ ದಿಕ್ಕು ನೋಡಿ ಅಂದು ಯಾರಿಗೂ ನಗು ಬರಲಿಲ್ಲ. ಹೆದರಿದ ಮನೆಗೆ ಗೊತ್ತಿರುವುದು ಒಂದೇ ದಾರಿ, ತಾನು ಬಂದ ದಾರಿ. ನಮ್ಮ ಓಣಿ ಹಿಟ್ಟಿನ ಗಿರಣಿಯ ಹತ್ತಿರ ತಿರುಗಿ ದೊಡ್ಡ ರಸ್ತೆಗೆ ಸೇರುತ್ತದೆ. ಆ ತಿರುವಿನಲ್ಲಿ ನಿಂತರೆ ಮಹಾಂತೇಶನ ಪಾಯ, ಛತ್ರಿ, ಕುರ್ಚಿ ಎಲ್ಲ ನೇರ ಕಾಣುತ್ತವೆ. ಹಳೆಯ ಪಾಯ ಕಣ್ಣಿಗೆ ಬಿದ್ದ ಮನೆ ಮುಂದೆ ಯಾರ ಮಾತನ್ನೂ ಕೇಳುವುದಿಲ್ಲ, ಓಡಿ ಹೋಗಿ ಅದರ ಮೇಲೆ ಕೂರುತ್ತದೆ, ಆಮೇಲೆ ಒಳಗೆ ಏನೇ ನಡೆಯಲಿ ಮತ್ತೆ ಏಳುವುದಿಲ್ಲ. ಕುಂಬಾರ ಓಣಿಯಿಂದ ಹಿಂದೆ ಒಂದು ಮನೆ ಹಾಗೆ ಹೋಗಿತ್ತು. ಅದರೊಳಗಿದ್ದ ಹೆಣ್ಣುಮಗಳ ಹೆಸರನ್ನು ನಮ್ಮೂರಲ್ಲಿ ಈಗ ಯಾರೂ ಎತ್ತುವುದಿಲ್ಲ.

ಅಂದು ಸಂಜೆಯೇ ಓಣಿಯವರೆಲ್ಲ ಗಿರಣಿಯ ಮುಂದೆ ಸೇರಿ, ಇನ್ನು ಮೇಲೆ ಯಾರೂ ಸದ್ದು ಮಾಡಕೂಡದು ಎಂದು ತೀರ್ಮಾನಿಸಿದೆವು. ಗಿರಣಿ ನಿಂತಿತು, ಎಲ್ಲರ ಕುಕ್ಕರುಗಳೂ ಅಟ್ಟ ಸೇರಿದವು. ಓಣಿಗೆ ಓಣಿಯೇ ಅರೆಬೆಂದ ಬೇಳೆ ತಿಂದು, ಹೊಟ್ಟೆಯೊಳಗಿನ ಸದ್ದನ್ನು ತಡೆಯಲಾಗದೆ ಒದ್ದಾಡಿತು. ಗುಡಿಯ ಪೂಜಾರಿ ತನ್ನ ಶಲ್ಯವನ್ನೇ ಗಂಟೆಯ ನಾಲಿಗೆಗೆ ಸುತ್ತಿದ. ಮಸೀದಿಯ ಮುಲ್ಲಾಸಾಬರು ಮೈಕು ತಗ್ಗಿಸಿದರು. ಇಬ್ಬರೂ ದಿನಾ ಮುಂಜಾನೆ ಚಹಾದ ಅಂಗಡಿಯಲ್ಲಿ ಎದುರಾಗಿ, "ನಂದೇನರ ಜಾಸ್ತಿ ಆತೇನ್ರಿ?" ಎಂದು ಪಿಸುಮಾತಿನಲ್ಲಿ ವಿಚಾರಿಸಿಕೊಳ್ಳುತ್ತಿದ್ದರು. ಸೊಪ್ಪು ಮಾರುವವಳು ಒಬ್ಬೊಬ್ಬರ ಕಿವಿಗೂ ಬಾಯಿ ಹಚ್ಚಿ "ಮೆಂತೆ, ರಾಜಗಿರಿ" ಎಂದು ಉಸುರತೊಡಗಿದಳು. ಮೊದಲ ದಿನ ಅವಳು ಗಿರಣಿಯವನ ಕಿವಿಗೆ ಉಸುರಿದ್ದನ್ನು ಅವನ ಹೆಂಡತಿ ನೋಡಿ ಸಣ್ಣದೊಂದು ರಾಮಾಯಣವೇ ಆಯಿತು, ಅದೂ ಸದ್ದಿಲ್ಲದೆ. ನಳದ ಹತ್ತಿರ ಹೆಂಗಸರು ಬರಿ ಕೈಸನ್ನೆಯಲ್ಲೇ ಬೈದಾಡುವ ವಿದ್ಯೆ ಕಲಿತರು. ಬೀದಿನಾಯಿಗಳು ಬೊಗಳದಿರಲೆಂದು ಬಿಸ್ಕೀಟು ಹಾಕಿ ಹಾಕಿ ಅವು ನನಗಿಂತ ದಪ್ಪಗಾದವು.

ನನ್ನ ಪಾಡು ಕೇಳಬೇಡಿ. ಲಗ್ನದ ಕಾಲ ಬಂದಿತ್ತು. ತಾಲೀಮಿಲ್ಲದೆ ಹುಡುಗರ ತುಟಿಗಳೆಲ್ಲ ಒಣಗಿದ್ದವು. ಒಂದು ದಿಬ್ಬಣ ನಮ್ಮ ಓಣಿಯಿಂದಲೇ ಹೋಗಬೇಕಾಗಿ ಬಂತು, ಬೇರೆ ದಾರಿ ಇರಲಿಲ್ಲ. ಓಣಿಯ ಬಾಯಿಗೆ ಬಂದೊಡನೆ ನಾನು ಕೈ ಎತ್ತಿದೆ. ಅಲ್ಲಿಂದ ಮುಂದೆ ನಾವು ಗಲ್ಲ ಉಬ್ಬಿಸಿಕೊಂಡು, ಕೀಲಿಗಳ ಮೇಲೆ ಬೆರಳಾಡಿಸುತ್ತ, ಒಂದು ತೊಟ್ಟು ಗಾಳಿಯನ್ನೂ ಬಿಡದೆ ನಡೆದೆವು. ಡ್ರಮ್ಮಿನವನು ಹೊಸ ಡ್ರಮ್ಮಿಗೆ ಗೇಣು ದೂರದಿಂದ ಗಾಳಿಗೆ ಹೊಡೆದ. ಮುಂದೆ ಕುಣಿಯುವ ಹುಡುಗರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಕುಣಿದರು. ಕುದುರೆಯ ಮೇಲಿದ್ದ ಮದುಮಗ ಹೂವಿನ ಪರದೆ ಸರಿಸಿ ಬಗ್ಗಿ, ಅಳುವ ದನಿಯಲ್ಲಿ, "ಮಾಸ್ತರ, ನಮ್ಮ ಮಂದ್ಯಾಗ ಯಾರರ ಹೋಗಿಬಿಟ್ರೇನ್ರಿ? ನನಗ ಯಾಕ ಯಾರೂ ಹೇಳವಲ್ರಿ?" ಎಂದು ಕೇಳಿದ.

ಇಷ್ಟೆಲ್ಲ ಮಾಡಿಯೂ ಮನೆ ಸುಧಾರಿಸಲಿಲ್ಲ. ಸುಧಾರಿಸುವುದಿರಲಿ, ದಿನದಿನಕ್ಕೆ ಅತಿಯಾಯಿತು. ಮೊದಲು ಕುಕ್ಕರಿಗೆ ಎದ್ದದ್ದು ಆಮೇಲೆ ಚಮಚ ಬಿದ್ದರೆ ಎದ್ದಿತು, ಆಮೇಲೆ ಕೆಮ್ಮಿಗೆ ಎದ್ದಿತು. ಕೊನೆಕೊನೆಗೆ ಪೂಜಾರಿಗೆ ಬಿಕ್ಕಳಿಕೆ ಬಂದದ್ದಕ್ಕೆ ಎದ್ದು ಹೊರಟಿತು. ಪಾಪ, ಆ ಮನುಷ್ಯ ತನ್ನ ಬಾಯಿಯೊಳಗೆ ತಾನೇ ಶಲ್ಯ ತುರುಕಿಕೊಂಡು ಕಣ್ಣೀರು ಹಾಕಿದ. ಪ್ರತಿ ಸಲವೂ ನಾಲ್ಕಾರು ಹೆಜ್ಜೆ ಗಿರಣಿಯ ಕಡೆಗೇ. ಒಳಗೆ ಆ ಮೂವರು ಕಂಬ ತಬ್ಬಿಕೊಂಡು ನಿಲ್ಲುತ್ತಿದ್ದುದು ಕಿಟಕಿಯಲ್ಲಿ ಕಾಣುತ್ತಿತ್ತು. ಹಾಗೇ ಸರಿಯುತ್ತ ಸರಿಯುತ್ತ ಮನೆ ಗಿರಣಿಯ ಗೋಡೆಗೆ ಹೋಗಿ ತಾಗಿ ಕೂತಿತು. ಇನ್ನೊಂದು ಸಲ ಎದ್ದರೆ ತಿರುವು. ಈ ಸುದ್ದಿ ತಿಳಿದು ಮಹಾಂತೇಶ ಪಾಯ ಗುಡಿಸಿ, ಮೆಟ್ಟಿಲಿಗೆ ಸುಣ್ಣ ಬಳಿಸಿದನೆಂದು ಕೇಳಿದೆವು.

ಮರುದಿನ ಮುಂಜಾನೆ ನಾನು ಕಟ್ಟೆಯ ಮೇಲೆ ಕೂತು ಕ್ಲಾರಿನೆಟ್ಟಿಗೆ ಎಣ್ಣೆ ಹಚ್ಚುತ್ತಿದ್ದೆ. ಊದಲಿಕ್ಕಂತೂ ಇಲ್ಲ, ಒರೆಸುವುದಕ್ಕಾದರೂ ಬೇಡವೆ? ಕಸ್ತೂರಿ ತಂಬಿಗೆ ಹಿಡಿದು ನಮ್ಮ ಕಡೆ ಬಂದವಳು ವಾಪಸು ಹೋಗುವಾಗ ನನ್ನ ಮುಂದೆ ನಿಂತಳು. ಅಷ್ಟು ದಿನ ಅವಳು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ.

"ಕಾಕಾ, ನೀವು ಬಾರಸೂದು ಯಾಕ ಬಿಟ್ಟೀರಿ?" ಎಂದು ಕೇಳಿದಳು.

ನಾನು ಎದೆ ಸ್ವಲ್ಪ ಉಬ್ಬಿಸಿಯೇ ಹೇಳಿದೆ. "ನಿಮ್ಮ ಸಲುವಾಗಿ ತಂಗಿ. ಓಣಿ ಮಂದಿ ಎಲ್ಲಾ ನಿಮ್ಮ ಸಲುವಾಗಿ ಬಾಯಿಗೆ ಬೀಗ ಹಾಕ್ಕೊಂಡಾರ."

ಅವಳು ತಂಬಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. "ಅದ ಆಗವಲ್ದು ಕಾಕಾ. ಅಲ್ಲಿ ಇದ್ದಾಗೂ ಹಿಂಗ ಇರ್ತಿತ್ತು. ಅವರ ಗಾಡಿ ಬಂದು ಬಾಗಲ ಮುಂದ ನಿಂತಿತು ಅಂದ್ರ ಎಲ್ಲಾರೂ ಗಪ್ಪು. ನಲ್ಲಿ ನೀರು ಸುದ್ದಾ ಸಣ್ಣ ಮಾಡ್ತಿದ್ವಿ. ಅವರೂ ಮಾತಾಡ್ತಿರಲಿಲ್ಲ. ಸುಮ್ನ ಕೂತು ನೋಡೋರು. ಹೊಡದ ಮ್ಯಾಲರ ಮುಗೀತು ಅನ್ನಸ್ತಿತ್ತು, ಅದಕ್ಕಿಂತ ಮೊದಲ ಇರ್ತದಲ್ಲಾ, ಆ ಗಪ್ಪು, ಅದಕ್ಕ ನನ್ನ ಮಗಳು ಉಚ್ಚಿ ಹೊಯ್ಕೊತಿದ್ದಳು. ನಿಮ್ಮ ಓಣಿ ಈಗ ಹಂಗ ಐತಿ. ನೀವು ಒಳ್ಳೇದಕ್ಕ ಮಾಡೀರಿ, ನನಗ ತಿಳೀತೈತಿ. ಆದರ ನಮ್ಮ ಮನಿಗೆ ತಿಳಿಯವಲ್ದು."

ಬಾಯಿ ತುಂಬ ಎಣ್ಣೆ ಕುಡಿದವನ ಹಾಗೆ ಕೂತೆ. ಇಡೀ ಓಣಿ ಹಗಲಿರುಳು ಉಸಿರು ಬಿಗಿಹಿಡಿದು, ಅವಳು ಬಿಟ್ಟು ಬಂದ ಆ ಗಪ್ಪನ್ನೇ ಅವಳ ಸುತ್ತ ಕಟ್ಟಿ ಕೊಟ್ಟಿತ್ತು. ಅವಳ ಹಿಂದೆ ಗುರುಬಸವ್ವ ತನ್ನ ತಂಬಿಗೆ ಹಿಡಿದು ಬಂದು ನಿಂತದ್ದನ್ನು ನಾವಿಬ್ಬರೂ ನೋಡಿರಲಿಲ್ಲ. ಮಗನ ಮಾತು ಬಂದಿದೆ, ಇನ್ನು ಮುದುಕಿ ಎಗರಿ ಬೀಳುತ್ತಾಳೆ ಎಂದುಕೊಂಡೆ. ಅವಳು ತಂಬಿಗೆ ಕೆಳಗಿಟ್ಟು ತನ್ನ ಬಲಗೈ ತಿರುಗಿಸಿ ನೋಡಿಕೊಂಡಳು.

"ಅವನ ಗಾಡಿ ಸಪ್ಪಳ ಕೇಳಿದ ಕೂಡ್ಲೇ ಆ ಕೂಸಿನ ಬಾಯಿ ಮುಚ್ಚತಿದ್ದಾಕಿ ನಾನ," ಎಂದಳು. "ಇದ ಕೈಲೆ. ಮುಚ್ಚಿದ್ರ ಹೊಡೆಯೂದಿಲ್ಲ ಅಂತ ಮಾಡಿದ್ದೆ. ಅವ ಸಣ್ಣಾವ ಇದ್ದಾಗ ಅವರಪ್ಪನ ಮುಂದ ಅವನ ಬಾಯೀನೂ ಹಿಂಗ ಮುಚ್ಚೀನಿ." ಸೊಸೆಯ ಮುಖ ನೋಡದೆ ಮುಂದೆ ಹೋದಳು. ಅಂದಿನಿಂದ ನಾಳೆ ಹೋಗಾಕಿ ಎನ್ನುವುದನ್ನು ನಿಲ್ಲಿಸಿದಳು.

ಆಮೇಲೆ ನಡೆದದ್ದೆಲ್ಲ ಕಸ್ತೂರಿಯ ಹುಕುಮಿನಂತೆ. ಯಾವ ಸದ್ದು, ಯಾವಾಗ, ಎಷ್ಟು, ಎಲ್ಲ ಅವಳೇ ಹೇಳುತ್ತಿದ್ದಳು, ನಾವು ಮಾಡುತ್ತಿದ್ದೆವು. ಮೊದಲಿಗೆ ಹುಲಿಗೆವ್ವ ಅಟ್ಟದಿಂದ ಕುಕ್ಕರು ಇಳಿಸಿದಳು. ಕಸ್ತೂರಿ ತನ್ನ ಮನೆಯ ಗೋಡೆಗೆ ಅಂಗೈ ಹಚ್ಚಿ ನಿಂತು, "ಈಗ ಸೀಟಿ ಆಗ್ತೈತಿ ನೋಡವಾ. ಬ್ಯಾಳಿ ಬೇಯಾಕತ್ತೈತಿ, ಬ್ಯಾರೆ ಏನಿಲ್ಲ," ಎಂದು ಮೊದಲೇ ಹೇಳಿದಳು. ಸೀಟಿ ಆಯಿತು. ಮನೆ ಮಂಡಿಯ ಮಟ್ಟಕ್ಕೆ ಎದ್ದು, ಗಡಗಡ ನಡುಗಿ, ಮತ್ತೆ ಕೂತಿತು. ಓಣಿಯವರು ಚಪ್ಪಾಳೆ ತಟ್ಟಲು ಎತ್ತಿದ ಕೈಗಳನ್ನು ಹಾಗೇ ಜೇಬಿಗೆ ಹಾಕಿಕೊಂಡರು, ಚಪ್ಪಾಳೆಯ ಸರದಿ ಇನ್ನೂ ಬಂದಿರಲಿಲ್ಲ. ಸೊಪ್ಪಿನವಳಿಗೆ ಗಂಟಲು ವಾಪಸು ಸಿಕ್ಕಿತು. ಗಿರಣಿಯವನ ಹೆಂಡತಿಗೆ ಸಮಾಧಾನವಾಯಿತು, ಗಿರಣಿಯೂ ತಿರುಗಿತು. ಪೂಜಾರಿ ಶಲ್ಯ ಬಿಚ್ಚಿ ಹೊದ್ದುಕೊಂಡ. ನಳದ ಹೆಂಗಸರು ಅಷ್ಟು ದಿನ ಕೈಯಲ್ಲಿ ಬೈದದ್ದನ್ನೆಲ್ಲ ಮೊದಲಿನಿಂದ ಬಾಯಲ್ಲಿ ಬೈದರು.

ಕಟ್ಟಕಡೆಗೆ ನನ್ನ ಸರದಿ ಬಂತು. ಗಿರಣಿಯ ಮುಂದೆ ನಿಂತು ಕ್ಲಾರಿನೆಟ್ಟಿನಲ್ಲಿ ಒಂದೇ ಒಂದು ಸ್ವರ ಹಿಡಿದೆ. ಬಹಳ ದಿನ ಊದದೆ ಗಾಳಿ ಸೋರಿ, ಹೆರಿಗೆ ನೋವು ತಿನ್ನುವ ಬೆಕ್ಕಿನಂಥ ಸದ್ದು ಬಂತು. ಮನೆ ಏಳಲಿಲ್ಲ. ಒಳಗಿನಿಂದ ಗುರುಬಸವ್ವ ಮಾತ್ರ, "ಇದಕ್ಕಿಂತ ಗಪ್ಪು ಇರೂದ ಚಲೋ ಇತ್ತಲ್ಲೋ ಮಾಸ್ತರ," ಎಂದಳು. ಇಪ್ಪತ್ತು ವರ್ಷದ ನನ್ನ ಕಸುಬಿನಲ್ಲಿ ಅಷ್ಟು ಸಂತೋಷ ಕೊಟ್ಟ ಬೈಗುಳ ಇನ್ನೊಂದಿಲ್ಲ. ಕೆಲವೇ ದಿನಗಳಲ್ಲಿ ಬ್ಯಾಂಡು ಪೂರ್ತಿ ಬಾರಿಸತೊಡಗಿತು, ಮನೆಯ ಕಿಟಕಿಗಳು ಲಟಲಟ ಎಂದರೂ ಮನೆ ಕೂತಲ್ಲೇ ಕೂತಿರುತ್ತಿತ್ತು.

ಒಂದು ಮಾತ್ರ ಉಳಿದಿತ್ತು. ಓಣಿಯವರೆಲ್ಲ ಗದ್ದಲ ಮಾಡುತ್ತಿದ್ದೆವು, ಆ ಮನೆಯವರು ಮಾತ್ರ ಮಾಡುತ್ತಿರಲಿಲ್ಲ. ಕಸ್ತೂರಿ ಗೋಡೆಯ ಜೊತೆ ಮಾತಾಡಿದರೂ ಪಿಸುಮಾತಿನಲ್ಲೇ. ಪೂರ್ಣಿಮಾ ಓಣಿಯ ಮಕ್ಕಳ ಜೊತೆ ಕುಂಟಾಬಿಲ್ಲೆ ಆಡಿದರೆ ಔಟಾದದ್ದನ್ನೂ ಗೆದ್ದದ್ದನ್ನೂ ಸನ್ನೆಯಲ್ಲೇ ಹೇಳುತ್ತಿದ್ದಳು. ಹುಲಿಗೆವ್ವ ಅವಳಿಗೆ ಕಚಗುಳಿ ಇಟ್ಟು ನೋಡಿದಳು. ಹುಡುಗಿ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ನಕ್ಕಿತು. ಅದನ್ನು ನೋಡಿದ ದಿನ ನನ್ನ ಹೆಂಡತಿ ಮನೆಗೆ ಬಂದು ಅತ್ತಳು. ಅವಳು ಅಳುವುದು ನಾನು ನೋಡಿದ್ದು ಕಡಿಮೆ.

ಗಿರಣಿಗೆ ರಜೆ ಇದ್ದ ಒಂದು ಭಾನುವಾರ ಮುಂಜಾನೆ ದೊಡ್ಡ ರಸ್ತೆಯ ಕಡೆಯಿಂದ ಬ್ಯಾಂಡಿನ ಸದ್ದು ಕೇಳಿತು. ನಮ್ಮದಲ್ಲ, ಪರವೂರಿನದು, ಅದು ಅವರ ಕ್ಲಾರಿನೆಟ್ಟಿನ ಅಪಶ್ರುತಿಯಿಂದಲೇ ನನಗೆ ತಿಳಿಯಿತು. ತಿರುವು ದಾಟಿ ಬಂದವನು ಮಹಾಂತೇಶ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಾಗಿಲಿಗೆ ಹಾಕಲು ಆಳೆತ್ತರದ ಹೂವಿನ ಮಾಲೆ, ಹಿಂದೆ ಪಟಾಕಿ ಸರ ಹೊತ್ತವರು, ಅವರ ಹಿಂದೆ ಅವನ ಚಹಾ ಕುಡಿದವರೆಲ್ಲ. "ಮಾಸ್ತರ, ಮನಿ ಕರಕೊಂಡ ಹೋಗಾಕ ಬಂದೀನ್ರಿ," ಎಂದು ನನ್ನ ಹೆಗಲ ಮೇಲೆ ಕೈ ಹಾಕಿದ. "ಸುಮ್ನ ಒಯ್ದರ ಅದಕ್ಕ ಏನ ಮರ್ಯಾದಿ? ಮೆರವಣಿಗ್ಯಾಗ ಒಯ್ತೀನಿ." ಬಂದವರಲ್ಲಿ ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಎಷ್ಟ ಜೀವ ಹಚ್ಚಿಕೊಂಡಾನ ನೋಡ್ರಿ," ಎಂದಳು. ನನಗೆ ಒಳಗೊಳಗೇ ಕುದಿಯಿತು. ಆದರೆ ಆ ಕೈಯನ್ನು ಹೆಗಲಿನಿಂದ ಸರಿಸುವ ಧೈರ್ಯ ನನಗಿರಲಿಲ್ಲ.

ಅವನು ಸನ್ನೆ ಮಾಡಿದ. ಪಟಾಕಿಯ ಸರಗಳನ್ನು ಮನೆಯ ಸುತ್ತ ಹಾಸಿ ಬೆಂಕಿ ಕೊಟ್ಟರು. ಓಣಿಗೆ ಓಣಿಯೇ ಹೊಗೆಯಲ್ಲಿ ಮುಳುಗಿತು. ಹೊಗೆ ತಿಳಿಯಾದಾಗ ಮನೆ ಕೂತಲ್ಲೇ ಕೂತಿತ್ತು. ಅವನು ಬ್ಯಾಂಡಿನವರಿಗೆ ಸನ್ನೆ ಮಾಡಿದ. ಅವರು ಗಿರಣಿಯ ಗೋಡೆ ಬಿರಿಯುವ ಹಾಗೆ ಬಾರಿಸಿದರು. ಮನೆ ಕೂತೇ ಇತ್ತು. ಗೋಡೆಯ ಸುಣ್ಣದ ಚಕ್ಕೆಯೊಂದು ಉದುರಿ ಅವರ ತುತ್ತೂರಿಯ ಬಾಯೊಳಗೇ ಬಿತ್ತು. ಓಣಿಯ ಮಕ್ಕಳು ನಕ್ಕವು, ಸೊಪ್ಪಿನವಳು ನಕ್ಕಳು, ನಾನೂ ಹೊಟ್ಟೆ ಹಿಡಿದು ನಕ್ಕೆ. ಬಾಗಿಲು ತೆರೆದು ಕಸ್ತೂರಿ ಹೊಸ್ತಿಲಿಗೆ ಬಂದಳು, ಹಿಂದೆ ಗುರುಬಸವ್ವ.

ಆಗ ಮಹಾಂತೇಶ ಕೈ ಎತ್ತಿ ಬ್ಯಾಂಡು ನಿಲ್ಲಿಸಿದ. ಮುಖದ ಮೇಲಿನ ನಗು ಹೋಯಿತು. ಸಿಟ್ಟೂ ಕಾಣಲಿಲ್ಲ. ಮಾಲೆಯನ್ನು ನೆಲದ ಮೇಲಿಟ್ಟು, ಎರಡೂ ಕೈ ಬೆನ್ನಿಗೆ ಕಟ್ಟಿ, ಕಸ್ತೂರಿಯನ್ನು ನೋಡುತ್ತ ಸುಮ್ಮನೆ ನಿಂತ. ಅಷ್ಟೇ ಅವನು ಮಾಡಿದ್ದು. ನಗುತ್ತಿದ್ದ ಮಕ್ಕಳು ಒಂದೊಂದಾಗಿ ಬಾಯಿ ಮುಚ್ಚಿದವು. ಚಹಾ ಕುಡಿದವರು ತಮ್ಮ ಕಾಲ ಬೆರಳು ನೋಡಿಕೊಂಡರು. ದಪ್ಪಗಿನ ನಾಯಿಗಳು ಎದ್ದು ಹಿತ್ತಲ ಕಡೆ ಹೋದವು. ನೋಡನೋಡುತ್ತ ಓಣಿಯಲ್ಲಿ ಒಂದು ಸೂಜಿಯಷ್ಟು ಸದ್ದೂ ಉಳಿಯಲಿಲ್ಲ. ಇದನ್ನೇ ಅವಳು ಅಂದು ಹೇಳಿದ್ದು.

ಮನೆಯ ಹಿಂದಿನ ಗೋಡೆ ನೆಲ ಬಿಟ್ಟು ಎದ್ದಿತು.

ಯಾರಾದರೂ ಏನಾದರೂ ಸದ್ದು ಮಾಡಬೇಕೆಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ನಾನು ಕ್ಲಾರಿನೆಟ್ಟು ಬಾಯಿಗೆ ಹಚ್ಚಿದೆ. ಇಡೀ ಊರಿಗೆ ಕೇಳುವಂತೆ ಊದಿ ಬದುಕಿದವನು ನಾನು, ಬರಿ ಗಾಳಿ ಬಂತು. ಮನೆ ಪೂರ್ತಿ ಎದ್ದು ನಿಂತಿತು, ಒಂದು ಹೆಜ್ಜೆಯನ್ನು ತಿರುವಿನ ಕಡೆ ಎತ್ತಿತು. ಗುರುಬಸವ್ವನ ಬಲಗೈ ಹಳೆಯ ರೂಢಿಯಲ್ಲಿ ಮುಚ್ಚಲು ಯಾವುದೋ ಬಾಯಿ ಹುಡುಕುತ್ತಿತ್ತು. ಕಸ್ತೂರಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಅವಳ ತುಟಿಗಳು ಅಲುಗುತ್ತಿದ್ದವು, ಮಾತು ಹೊರಡುತ್ತಿರಲಿಲ್ಲ.

"ಯವ್ವಾ!"

ಚೀರಿದ್ದು ಬಚ್ಚಲಿನಿಂದ. ಭಾನುವಾರ ತಲೆಗೆ ಎರೆದುಕೊಳ್ಳಲು ಕೂತ ಪೂರ್ಣಿಮಾಳಿಗೆ ಅಪ್ಪ ಬಂದದ್ದು ಗೊತ್ತಿರಲಿಲ್ಲ. ಪಟಾಕಿಗೆ, ಬ್ಯಾಂಡಿಗೆ ಅವಳ ಕಿವಿ ಈಗ ಒಗ್ಗಿ ಹೋಗಿತ್ತು. "ಯವ್ವಾ! ಕಣ್ಣಾಗ ಸೀಗಿಕಾಯಿ ಹೋಗೈತಿ! ಮನಿ ಎದ್ದು ನೀರೆಲ್ಲಾ ಚೆಲ್ತು! ನೀರು ತಾರ ಜಲ್ದಿ! ಉರಿಯಾಕತ್ತೈತಿ!"

ಅಂಥ ಗಂಟಲು ಆ ಹುಡುಗಿಗೆ ಇದೆಯೆಂದು ನಮಗಾರಿಗೂ ತಿಳಿದಿರಲಿಲ್ಲ. ಕಸ್ತೂರಿ ಥಟ್ಟನೆ ಗಂಡನ ಮುಖ ನೋಡಿದಳು. ಅವನು ಹುಬ್ಬನ್ನು ಕೂದಲೆಳೆಯಷ್ಟು ಎತ್ತಿದ. ಅಷ್ಟು ಸಾಕಿತ್ತು ಆ ಮನೆಯಲ್ಲಿ, ಇಷ್ಟು ವರ್ಷ ಅಷ್ಟೇ ಸಾಕಾಗಿತ್ತು. ಈಗ ಓಡಿ ಹೋಗಿ ಮಗಳ ಬಾಯಿ ಮುಚ್ಚುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಬಂದೆ ತಡೀ!" ಎಂದು ಕಸ್ತೂರಿ ಅರಚಿದಳು. ನಾನು ಕಣ್ಣು ತೆರೆದಾಗ ಅವಳು ಅವನಿಗೆ ಬೆನ್ನು ಹಾಕಿ ಒಳಗೆ ನಡೆಯುತ್ತಿದ್ದಳು. "ಎಷ್ಟ ಸಲ ಹೇಳೀನಿ, ಕಣ್ಣ ಮುಚ್ಚ ಕಣ್ಣ ಮುಚ್ಚ ಅಂತ! ಕೇಳೂದಿಲ್ಲ ಒಂದ ಮಾತು! ಅತ್ತೀ, ನೀವ್ಯಾಕ ಅಲ್ಲೇ ನಿಂತೀರಿ, ಒಲಿ ಮ್ಯಾಲಿನ ಹಂಡೇದಾಗ ನೀರ ಅದಾವ, ತರ್ರಿ!"

"ತರತೀನಿ, ತರತೀನಿ! ನನ್ನ ಮ್ಯಾಲ ಯಾಕ ಒದರತಿ!" ಎಂದು ಗುರುಬಸವ್ವ ಅದಕ್ಕಿಂತ ಜೋರಾಗಿ ಒದರುತ್ತ ಹೊರಟಳು. ಹೋಗುವವಳು ಒಂದು ಗಳಿಗೆ ನಿಂತು ಮಗನ ಕಡೆ ತಿರುಗಿದಳು. "ನೀ ಹೋಗಪಾ. ಇಲ್ಲಿ ಕೂಸಿಗೆ ಎರಿಯೂದೈತಿ," ಎಂದಳು.

ಎತ್ತಿದ ಹೆಜ್ಜೆಯನ್ನು ಮನೆ ಎಲ್ಲಿಂದ ಎತ್ತಿತ್ತೋ ಅಲ್ಲೇ ಇಳಿಸಿತು. ಒಮ್ಮೆ ಅತ್ತ ಇತ್ತ ಹೊರಳಾಡಿ ಹದ ಮಾಡಿಕೊಂಡು, ಗಿರಣಿಯ ಗೋಡೆಗೆ ಒರಗಿ, ಭಾರವಾಗಿ, ನೆಲ ಹಿಡಿದು ಕೂತಿತು. ಪರವೂರಿನ ಬ್ಯಾಂಡಿನವರ ಪೆಟ್ಟಿಗೆಯೊಂದು ಅದರಡಿಯಲ್ಲಿ ಸಿಕ್ಕಿತು, ನನಗೇನೂ ಬೇಸರವಾಗಲಿಲ್ಲ. ಅವಸರದಲ್ಲಿ ಒಳಗಿನವರು ಬಾಗಿಲನ್ನೂ ಹಾಕಿಕೊಂಡಿರಲಿಲ್ಲ. ನೀರು ಬಹಳ ಸುಡುತ್ತದೆ ಎಂದು ಮಗಳು ಕೂಗಿದಳು, ಸುಡುವುದಿಲ್ಲ ಎಂದು ತಾಯಿ ಕೂಗಿದಳು, ಸೀಗೆಕಾಯಿ ಯಾರು ಇಷ್ಟು ಹಾಕಿದ್ದು ಎಂದು ಅಜ್ಜಿ ಕೂಗಿದಳು, ಮೂವರೂ ಒಬ್ಬರ ಮೇಲೊಬ್ಬರು ಒದರಾಡಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತಾಯಿತು. ನಾವು ಓಣಿಯವರೆಲ್ಲ ಅಲ್ಲೇ ನಿಂತು, ಕಿವಿಗೊಟ್ಟು, ಅದು ಮುಗಿಯುವವರೆಗೂ ಕೇಳಿದೆವು. ಮಹಾಂತೇಶ ಯಾವಾಗ ಹೋದನೋ ನಮ್ಮಲ್ಲಿ ಒಬ್ಬರೂ ನೋಡಲಿಲ್ಲ.